ಬೆಕ್ಕಿಗೊಂದು ವಾಟಿ ಹಾಲು

ಬೆಳಗಿನ ಏಳರ ಹೊತ್ತಿಗೆ ಧಾರವಾಡದ ಯಾವ ಓಣಿಯಲ್ಲಾದರೂ ಒಂದು ಸುತ್ತು ಹಾಕಿ. ಹಾಲಿನ ಪಾಕೀಟು ಒಡೆದ ಮನೆಯ ಕಟ್ಟೆಯ ಮೇಲೆ ಸ್ಟೀಲ್ ವಾಟಿ, ವಾಟಿಯ ಮುಂದೆ ಬೆಕ್ಕು. “ಪಾಪ, ಮೂಕ ಪ್ರಾಣಿ ಅಕ್ಕಾರ. ಒಂದೀಟು ಹಾಲ ಹಾಕಿದ್ರ ನಮ್ಮ ಗಂಟೇನ ಹೋಗತೈತಿ?” ಗಂಟೇನೂ ಹೋಗುವುದಿಲ್ಲ. ಹೋಗುವುದು ಬೆಕ್ಕಿನ ಹೊಟ್ಟೆ. ಮಧ್ಯಾಹ್ನದೊಳಗೆ ಅದು ಆಚೆ ಮನೆಯವರ ಹೂವಿನ ಕುಂಡ ಕೆದರಿ ನೀರುನೀರಾಗಿ ಕೂತು ಬಂದಿರುತ್ತದೆ. ಬೈಗುಳ ಬೆಕ್ಕಿಗೆ, ಪುಣ್ಯ ಹಾಲು ಹಾಕಿದವರಿಗೆ. ಈ ವಾಟಣಿ ಸರಿಯಿಲ್ಲ.

ಹಾಲು ಕುಡಿದರೆ ಬೆಕ್ಕಿನ ಹೊಟ್ಟೆ ಯಾಕೆ ಕೆಡುತ್ತದೆ? ಆ ಮಾತಿಗೆ ಬರುತ್ತೇನೆ. ಅದಕ್ಕೂ ಮುಂಚೆ ಬೆಕ್ಕು ಕುಡಿಯುವ ಪರಿಯನ್ನು ಒಮ್ಮೆ ನೋಡಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ಗಾದೆ ಕಟ್ಟಿದ ನಮ್ಮವರು ಅದರ ಕಣ್ಣಿನ ಮೇಲೆಯೇ ನಿಗಾ ಇಟ್ಟರು. ಕಸಬು ನಡೆಯುತ್ತಿದ್ದದ್ದು ಎರಡು ಇಂಚು ಕೆಳಗೆ, ನಾಲಿಗೆಯಲ್ಲಿ.

ನಾಯಿಯದು ಒರಟು ಕೆಲಸ. ನಾಲಿಗೆಯನ್ನು ಹಿಂದಕ್ಕೆ ಸೌಟಿನಂತೆ ಮಡಚಿ ನೀರಿಗೆ ಮುಳುಗಿಸುತ್ತದೆ, ಅರ್ಧ ಒಳಗೆ, ಅರ್ಧ ನೆಲಕ್ಕೆ. ಬೆಕ್ಕು ಮುಳುಗಿಸುವುದೇ ಇಲ್ಲ. ನಾಲಿಗೆಯ ತುದಿಯನ್ನು ಹಿಂದಕ್ಕೆ ಬಾಗಿಸಿ, ಅದರ ಮೇಲ್ಮೈಯನ್ನು ಹಾಲಿಗೆ ತಾಕಿಸಿಯೂ ತಾಕಿಸದಂತೆ ಇಟ್ಟು, ಸರಕ್ಕನೆ ಮೇಲಕ್ಕೆಳೆದುಕೊಳ್ಳುತ್ತದೆ. ನಾಲಿಗೆಗೆ ಅಂಟಿದ ಹಾಲು ಅದರ ಹಿಂದೆಯೇ ಸಣ್ಣ ಕಂಬವಾಗಿ ಏಳುತ್ತದೆ. ಎದ್ದ ವೇಗ ಕಂಬವನ್ನು ಮೇಲಕ್ಕೆ ಒಯ್ಯುತ್ತಿರುತ್ತದೆ, ಗುರುತ್ವ ಕೆಳಕ್ಕೆ ಜಗ್ಗುತ್ತಿರುತ್ತದೆ. ಕೆಳಗಿನ ಜಗ್ಗಾಟ ಗೆದ್ದು ಕಂಬ ತುಂಡಾಗುವುದಕ್ಕೆ ತುಸು ಮುಂಚೆ ಬೆಕ್ಕು ಬಾಯಿ ಮುಚ್ಚಿ ಅದರ ತಲೆ ಕಚ್ಚಿಕೊಳ್ಳುತ್ತದೆ. ತಡವಾದರೆ ಹಾಲು ವಾಟಿಗೆ ವಾಪಸು, ಬೇಗವಾದರೆ ಸಿಗುವುದು ಕಮ್ಮಿ. ಇದು ಸೆಕೆಂಡಿಗೆ ಸುಮಾರು 4 ಸಲ. ಒಂದು ಸಲಕ್ಕೆ ಸಿಗುವುದು ಸುಮಾರು 0.1 ಮಿಲಿಲೀಟರ್. ಅಂದರೆ ನಿಮಿಷಕ್ಕೆ 24 ಮಿಲಿಲೀಟರ್, ಐದು ಚಹಾ ಚಮಚೆಯೂ ತುಂಬುವುದಿಲ್ಲ. ಗದ್ದ ಮಾತ್ರ ಒಣ.

ಅಮೆರಿಕದ ಎಂಐಟಿ ಎಂಬ ತಾಂತ್ರಿಕ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ 1940ರ ಹೊತ್ತಿಗೇ ಬೆಕ್ಕು ಹಾಲು ಕುಡಿಯುವುದನ್ನು ಕ್ಷಣಕ್ಷಣಕ್ಕೆ ಮಿಂಚುವ ಸ್ಟ್ರೋಬ್ ಬೆಳಕಿನಲ್ಲಿ ಸೆರೆಹಿಡಿದಿದ್ದರು. ಬಾಗಿದ ನಾಲಿಗೆ ಆಗಲೇ ಕಂಡಿತ್ತು, ಕಂಬದ ಲೆಕ್ಕ ಯಾರೂ ಹಾಕಿರಲಿಲ್ಲ. ಅದೇ ಎಂಐಟಿಯ ರೋಮನ್ ಸ್ಟಾಕರ್ ತಮ್ಮ ಮನೆಯ ‘ಕುಟ್ಟಾ ಕುಟ್ಟಾ’ ಎಂಬ ಹೆಸರಿನ ಬೆಕ್ಕು ಕುಡಿಯುವುದನ್ನು ನೋಡಿ ತಲೆ ಕೆಡಿಸಿಕೊಂಡರು. ಪೆಡ್ರೊ ರೈಸ್, ಸಂಗ್‌ಹ್ವಾನ್ ಜಂಗ್, ಜೆಫ್ರಿ ಅರಿಸ್ಟಾಫ್ ಜೊತೆಯಾದರು. ವೇಗದ ಕ್ಯಾಮೆರಾ ಇಟ್ಟರು, ನಾಲಿಗೆಯ ಬದಲು ಗಾಜಿನ ಬಿಲ್ಲೆ ಕಟ್ಟಿದ ಯಂತ್ರ ಮಾಡಿ ನೀರು ಎತ್ತಿಸಿದರು, ಮೃಗಾಲಯಕ್ಕೆ ಹೋಗಿ ಹುಲಿ ನೀರು ಕುಡಿಯುವುದನ್ನೂ ಚಿತ್ರೀಕರಿಸಿದರು. ಹುಲಿಯ ನಾಲಿಗೆ ದೊಡ್ಡದು, ಆದ್ದರಿಂದ ಅದು ನಿಧಾನವಾಗಿ ನೆಕ್ಕುತ್ತದೆ. ಲೆಕ್ಕಕ್ಕೆ ಅದೂ ಸರಿಹೊಂದಿತು. 2010ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ನಾಲ್ಕು ಮಂದಿ ಓದಿದವರು ಬೆಕ್ಕಿನ ಬಾಯಿ ನೋಡುತ್ತ ಕೂತದ್ದಕ್ಕೆ ನಮ್ಮ ಓಣಿಯಲ್ಲಿ ‘ಮಾಡಾಕ ಬ್ಯಾರೆ ಕೆಲಸ ಇಲ್ಲೇನು’ ಎಂದು ಕೇಳುತ್ತಿದ್ದರು. ಕೇಳುವವರು ಕಟ್ಟೆಯ ಮೇಲೆ ಬರೇ ಕೂತಿರುತ್ತಿದ್ದರು, ಅಷ್ಟೇ ಫರಕು.

ಹಾಲಿನ ಮಾತಿಗೆ ಬರೋಣ. ಮರಿಯ ಕರುಳಿನಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನೊಳಗಿನ ಸಕ್ಕರೆ, ಒಡೆಯುವ ಕಿಣ್ವ ಇರುತ್ತದೆ. ಮೊಲೆ ಬಿಟ್ಟ ಮೇಲೆ ಅದು ಇಳಿಯುತ್ತ ಹೋಗುತ್ತದೆ. ಒಡೆಯದ ಲ್ಯಾಕ್ಟೋಸ್ ಕರುಳಿಗೆ ನೀರು ಎಳೆಯುತ್ತದೆ, ಉಳಿದದ್ದನ್ನು ಬ್ಯಾಕ್ಟೀರಿಯಾ ಹುಳಿ ಹಿಡಿಸಿ ಗಾಳಿ ತುಂಬುತ್ತವೆ. ಕೆಲವು ಬೆಕ್ಕು ತಡೆದುಕೊಳ್ಳುತ್ತವೆ, ಬಹಳಷ್ಟು ತಡೆಯುವುದಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುತ್ತಿತ್ತಂತೆ. ಇಡೀ ವಿಜಯನಗರದಲ್ಲಿ ಹೊಟ್ಟೆ ನೆಟ್ಟಗಿದ್ದ ಬೆಕ್ಕು ಅದೊಂದೇ ಇರಬೇಕು.

“ನಮ್ಮ ಬೆಕ್ಕಿಗೆ ಸಿಹಿ ಅಂದ್ರ ಜೀವಾರೀ” ಎನ್ನುವವರೂ ಇದ್ದಾರೆ. ಲೈನ್ ಬಜಾರದಿಂದ ತಂದ ಪೇಡೆ ಮುರಿದು ಹಾಕುತ್ತಾರೆ. ಬೆಕ್ಕಿಗೆ ಸಿಹಿಯೇ ತಿಳಿಯುವುದಿಲ್ಲ. ಸಿಹಿ ಗುರುತಿಸಲು ಎರಡು ಪ್ರೋಟೀನು ಜೋಡಿಯಾಗಬೇಕು. ಅವುಗಳಲ್ಲಿ ಒಂದರ ಜೀನಿನಿಂದ ಡಿಎನ್ಎಯ 247 ಅಕ್ಷರ ಬಿಟ್ಟುಹೋಗಿವೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2005ರಲ್ಲಿ ತೋರಿಸಿದರು. ಪೇಡೆಯಲ್ಲಿ ಅದು ಹುಡುಕುವುದು ಖೋವಾದ ಜಿಡ್ಡು. ಸಕ್ಕರೆ ದಂಡ.

ಇದಕ್ಕಿಂತ ಸಿಟ್ಟು ಬರಿಸುವುದು ‘ನಮ್ಮದು ಶುದ್ಧ ಶಾಕಾಹಾರಿ ಬೆಕ್ಕು’ ಎಂಬ ಹೆಮ್ಮೆ. ಹಾಲು, ರೊಟ್ಟಿ, ಮೇಲೆ ತುಪ್ಪ. ಬೆಕ್ಕಿಗೆ ಟಾರಿನ್ ಎಂಬ ವಸ್ತು ಬೇಕೇ ಬೇಕು. ಅದನ್ನು ಸಾಕಷ್ಟು ತಯಾರಿಸಿಕೊಳ್ಳಲು ಅದರ ಮೈಗೆ ಬರುವುದಿಲ್ಲ, ಕಾಳುಕಡಿಯಲ್ಲಿ ಸಿಗುವುದಿಲ್ಲ, ಮಾಂಸದಲ್ಲಿದೆ. ಹಾಲಿನ ಪ್ರೋಟೀನಾದ ಕೇಸೀನನ್ನೇ ಆಧಾರ ಮಾಡಿಕೊಂಡ ಆಹಾರ ತಿಂದ ಬೆಕ್ಕುಗಳ ಅಕ್ಷಿಪಟ ಹಾಳಾದದ್ದನ್ನು ಹೇಯ್ಸ್ ಮತ್ತು ಸಂಗಡಿಗರು 1975ರಲ್ಲಿ ವರದಿ ಮಾಡಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಜೊತೆಗಾರರು, ಟಾರಿನ್ ಕಮ್ಮಿಯಾದರೆ ಹೃದಯ ಹಿಗ್ಗಿ ಸೋಲುತ್ತದೆ, ಟಾರಿನ್ ಕೊಟ್ಟರೆ ಮತ್ತೆ ಸುಧಾರಿಸುತ್ತದೆ ಎಂದು ಕಂಡುಕೊಂಡರು. ಹಳೆಯ ಹೆಂಚಿನ ಮನೆಯ ಬೆಕ್ಕುಗಳು ಬದುಕಿದ್ದು ರೊಟ್ಟಿಯಿಂದಲ್ಲ, ಅಟ್ಟದ ಇಲಿಯಿಂದ. ಈಗ ಹುಬ್ಬಳ್ಳಿಯ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಅಟ್ಟವೂ ಇಲ್ಲ, ಇಲಿಯೂ ಇಲ್ಲ. ಬೆಕ್ಕು ಗೋಡೆಗೆ ಡಿಕ್ಕಿ ಹೊಡೆಯತೊಡಗಿದಾಗ ‘ವಯಸ್ಸಾತು’ ಎನ್ನುತ್ತಾರೆ.

ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಪಲ್ಯ ಬೇಡ, ಕೆಂಪು ರಕ್ತಕಣ ಒಡೆಯುತ್ತವೆ. ಜ್ವರ ಎಂದು ಪ್ಯಾರಾಸಿಟಮಾಲ್ ಅಂತೂ ಬೇಡವೇ ಬೇಡ. ಅದರ ವಿಷ ಕಳೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, 500 ಮಿಲಿಗ್ರಾಂ ಗುಳಿಗೆ ಒಂದೇ ಸಾಕು ಜೀವ ತೆಗೆಯಲು. ಗಂಡು ಬೆಕ್ಕು ಮತ್ತೆಮತ್ತೆ ಕೂತು ಹನಿ ಮೂತ್ರವೂ ಬಾರದೆ ಅತ್ತರೆ ಮಲಬದ್ಧತೆ ಎಂದು ಹರಳೆಣ್ಣೆ ಹಾಕಬೇಡಿ, ಮೂತ್ರನಾಳ ಕಟ್ಟಿರಬಹುದು. ಅದೇ ದಿನ ಪಶು ದವಾಖಾನೆಗೆ ಒಯ್ಯಿರಿ.

ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಮಾಂಸದ ಚೂರು, ಎಲುಬು ತೆಗೆದು, ಇಡಿ. ಅದೊಂದರಿಂದಲೇ ದಿನ ದೂಡಬಾರದು, ಬೆಕ್ಕಿಗಾಗಿಯೇ ಮಾಡಿದ ಆಹಾರವೂ ಜೊತೆಗಿರಲಿ. ಲಿವರ್ ಅಗ್ಗವೆಂದು ದಿನಾ ಕೊಟ್ಟರೆ ಎ ಜೀವಸತ್ವ ಮಿತಿಮೀರಿ ಕುತ್ತಿಗೆಯ ಎಲುಬು ಬೆಸೆದುಕೊಳ್ಳುತ್ತವೆ. ಮಡಿಯ ಮನೆಗೆ ಕೋಳಿ ಮಾಂಸ ತರುವವರು ಯಾರು ಎಂಬ ಚಿಂತೆ ಬೇಡ. ಸಂಜೆ ಟ್ಯೂಷನ್ ಎಂದು ಹೋಗಿ ಎಗ್ ರೈಸ್ ತಿಂದು ಬರುವ ಮಗನಿಗೆ ಅಂಗಡಿ ಗೊತ್ತಿರುತ್ತದೆ.