ಬಾಡಿಗೆಯ ಬಿಳಿ ಮುಖಕ್ಕೆ ಬೈಯುವ ಮೊದಲು

ಪರಿಚಯದ ಹುಡುಗಿಯೊಬ್ಬಳು ಜಪಾನಿನ ಕ್ಯೋಟೋಗೆ ಹೋದವಳು ಮೈಕೊ ವೇಷ ತೊಟ್ಟ ಫೋಟೋ ಹಾಕಿದ್ದಳು. ಕೆಳಗೆ ದೊಡ್ಡ ಜಗಳ. ಬೇರೆಯವರ ಸಂಸ್ಕೃತಿಯನ್ನು ಅಣಕಿಸುತ್ತಿದ್ದೀಯಾ ಎಂದು ಕೆಲವರು. ವೇಶ್ಯೆಯರ ಉಡುಪು ನಿನಗೇಕಮ್ಮ ಎಂದು ಹಿರಿಯರೊಬ್ಬರು. ಹಿರಿಯರಿಗೆ ಮೊದಲು ಉತ್ತರಿಸುತ್ತೇನೆ. ಮೈಕೊ ಎಂದರೆ ಗೇಶಾ ಆಗಲು ತರಬೇತಿಯಲ್ಲಿರುವ ಹುಡುಗಿ. ಕ್ಯೋಟೋದಲ್ಲಿ ಗೇಶಾಳನ್ನು ಗೇಕೊ ಎನ್ನುತ್ತಾರೆ. ನೃತ್ಯ, ಶಾಮಿಸೆನ್ ವಾದನ, ಚಹಾ ಕೊಡುವ ವಿಧಿ, ಅತಿಥಿಗಳೊಡನೆ ಮಾತಾಡುವ ಬಗೆ, ಇವನ್ನೆಲ್ಲ ವರ್ಷಗಟ್ಟಲೆ ಕಲಿಯುವ ಕಸುಬು ಅದು. ನಮ್ಮಲ್ಲಿ ನರ್ತಕಿಯರಿಗೆ ಒಂದು ಕಾಲದಲ್ಲಿ ಅಂಟಿಸಿದ ಕಳಂಕವನ್ನೇ ಸಮುದ್ರ ದಾಟಿಸಿ ಅಲ್ಲಿಗೂ ಒಯ್ಯುವುದು ಬೇಡ.

ಇನ್ನು ಅಣಕದ ಮಾತು. ಕಿಯೊಮಿಜು ದೇವಾಲಯಕ್ಕೆ ಹತ್ತುವ ಹಾದಿಯಲ್ಲಿ, ಹಿಗಾಶಿಯಾಮಾದ ಸುತ್ತಮುತ್ತ, ದುಡ್ಡು ತೆಗೆದುಕೊಂಡು ಮೈಕೊ ವೇಷ ಹಾಕಿಕೊಡುವ ಸ್ಟುಡಿಯೋಗಳಿವೆ. ನಡೆಸುವವರು ಜಪಾನಿಯರು. ಗಿರಾಕಿಗಳಲ್ಲಿಯೂ ಬೇರೆ ಊರುಗಳಿಂದ ಗೆಳತಿಯರ ಜೊತೆ ಬರುವ ಜಪಾನಿ ಹೆಂಗಸರು ಮೊದಲಿನಿಂದಲೂ ಇದ್ದಾರೆ. ಟೋಕಿಯೋದ ಗುಮಾಸ್ತೆಗೂ ಮೈಕೊ ಜೀವನ ನಮಗಿದ್ದಷ್ಟೇ ದೂರ. ಅವಳು ತೊಟ್ಟರೆ ಮೋಜು, ಮೈಸೂರಿನವಳು ತೊಟ್ಟರೆ ಅಪಚಾರ ಎಂದು ಸ್ಟುಡಿಯೋದವರಿಗೇ ಅನಿಸದಿರುವಾಗ ಇಲ್ಲಿ ಕುಳಿತು ನೊಂದುಕೊಳ್ಳುವುದು ಯಾರ ಪರವಾಗಿ?

2015ರಲ್ಲಿ ಬಾಸ್ಟನ್‌ನ ಲಲಿತಕಲಾ ಸಂಗ್ರಹಾಲಯದಲ್ಲಿ ಇದೇ ವ್ಯಾಜ್ಯ ಎದ್ದಿತ್ತು. ಚಿತ್ರಕಾರ ಮೋನೆ 1876ರಲ್ಲಿ ತನ್ನ ಹೆಂಡತಿಗೆ ಕೆಂಪು ಕಿಮೊನೊ ತೊಡಿಸಿ ಬರೆದ ಚಿತ್ರವೊಂದು ಅಲ್ಲಿದೆ. ಅಂಥದೇ ಕಿಮೊನೊ ತೊಟ್ಟು ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಿ ಎಂದು ಸಂಗ್ರಹಾಲಯ ಕರೆದಿತ್ತು. ಏಷ್ಯಾ ಮೂಲದ ಅಮೆರಿಕನ್ನರು ಫಲಕ ಹಿಡಿದು ಪ್ರತಿಭಟಿಸಿದರು. ಕೊನೆಗೆ ತೊಡುವುದು ನಿಂತು ಮುಟ್ಟಿ ನೋಡುವುದಷ್ಟೇ ಉಳಿಯಿತು. ಆದರೆ ಕಿಮೊನೊ ಧರಿಸಿದ ಜಪಾನಿ ಹೆಂಗಸರು ಬಂದು ಆ ಪ್ರತಿಭಟನೆಯ ಎದುರಿಗೇ ನಿಂತರು! ಪ್ರತಿಭಟಿಸಿದವರ ಸಿಟ್ಟಿಗೆ ಕಾರಣವಿರಲಿಲ್ಲ ಎನ್ನುವುದಿಲ್ಲ. ಶಾಲೆಯಲ್ಲಿ ಕಣ್ಣಿನ ಆಕಾರಕ್ಕೆ ಗೇಲಿ ಮಾಡಿಸಿಕೊಂಡು ಬೆಳೆದವರಿಗೆ ಬಿಳಿಯರ ಜಪಾನೀ ವೇಷ ಬೇರೆಯಾಗಿಯೇ ಕಾಣುತ್ತದೆ. ಅದು ಅಮೆರಿಕದ ನೋವು, ಕ್ಯೋಟೋದ್ದಲ್ಲ.

ಚಿತ್ರಮಂದಿರಕ್ಕೆ ದೈವದ ವೇಷದಲ್ಲಿ ಬಂದವರ ಮೇಲೆ ನಮ್ಮ ಕರಾವಳಿಯವರು ಸಿಟ್ಟಾಗಲಿಲ್ಲವೇ, ಇದೂ ಹಾಗೆಯೇ ಎಂದು ಒಬ್ಬರು ಕೇಳಿದ್ದರು. ಹಾಗಲ್ಲ. ದೈವದ ಅಣಿ, ಗಗ್ಗರಗಳ ಹಿಂದೆ ನಂಬಿಕೆಯಿದೆ, ಕಟ್ಟುವ ಹಕ್ಕು ಪಡೆದ ಮನೆತನಗಳಿವೆ. ಮೈಕೊಳದು ಕೆಲಸದ ಉಡುಪು. ಬಹಳ ಕಷ್ಟದ ಉಡುಪು ಎನ್ನಿ. ಬೆನ್ನಿಗೆ ಇಳಿಬಿದ್ದ ಓಬಿ ಎಂಬ ನಡುಪಟ್ಟಿ 5 ಮೀಟರಿಗೂ ಉದ್ದ; ಅದನ್ನು ಬಿಗಿಯಲು ಗಂಡಸಿನ ಬಲ ಬೇಕೆಂದು ಉಡಿಸುವುದಕ್ಕೇ ಕಸುಬಿನ ಗಂಡಸರಿದ್ದಾರೆ. ಸ್ಟುಡಿಯೋದಲ್ಲಿ ವಿಗ್ ತಲೆಗಿಟ್ಟರೆ ಆಯಿತು. ನಿಜವಾದ ಮೈಕೊಳದು ಸ್ವಂತ ಕೂದಲು. ವಾರಕ್ಕೊಮ್ಮೆ ಕಟ್ಟಿಸಿದ್ದು ಕೆಡದಿರಲೆಂದು ಎತ್ತರದ ದಿಂಬಿಗೆ ಕತ್ತು ಕೊಟ್ಟು ಮಲಗಬೇಕು. ಹಗಲಿನಲ್ಲಿ ಬಿಳಿ ಬಳಿದುಕೊಂಡು ದೇವಸ್ಥಾನದ ಮೆಟ್ಟಿಲ ಮೇಲೆ ನಗುತ್ತ ನಿಂತವಳು ಬಹುಮಟ್ಟಿಗೆ ಪ್ರವಾಸಿಯೇ. ನಿಜವಾದವಳು ಸಂಜೆ ಕೆಲಸಕ್ಕೆ ಹೊರಡುತ್ತಾಳೆ, ಎಡಗೈಯಲ್ಲಿ ನೆರಿಗೆ ಹಿಡಿದು ಸರಸರನೆ ನಡೆದುಬಿಡುತ್ತಾಳೆ.

ಸಿಟ್ಟು ಮಾಡುವುದಾದರೆ ಆ ಸಂಜೆಯ ಬೀದಿಯ ಬಗ್ಗೆ ಮಾಡೋಣ. ಮೊಬೈಲ್ ಎತ್ತಿಕೊಂಡು ಅಡ್ಡಗಟ್ಟುವವರು, ತೋಳು ಹಿಡಿದೆಳೆಯುವವರು, ಕಿಮೊನೊ ಜಗ್ಗುವವರು. ಗೇಕೊ, ಮೈಕೊಗಳ ಕೇರಿಯಾದ ಗಿಯೋನ್‌ನ ನಿವಾಸಿಗಳು 2019ರಲ್ಲಿ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಎಂದು ಫಲಕ ಹಾಕಿದರು. ಅದಕ್ಕೂ ಬಗ್ಗದಿದ್ದಾಗ 2024ರಲ್ಲಿ ಆ ಓಣಿಗಳಿಗೆ ಪ್ರವಾಸಿಗರು ಕಾಲಿಡುವುದನ್ನೇ ನಿಷೇಧಿಸಿದರು. ವೇಷ ತೊಟ್ಟ ಪ್ರವಾಸಿಯನ್ನೇ ಮೈಕೊ ಎಂದು ತಿಳಿದು ಬೇರೆ ಪ್ರವಾಸಿಗರು ಮುತ್ತಿಕೊಳ್ಳುವುದೂ ಉಂಟು. ಅಂಥವಳಿಗೆ ಮೈಕೊಳ ಅನುಭವ ಪೂರ್ತಿ ಸಿಕ್ಕಿತೆನ್ನಬೇಕು.

ಇದಕ್ಕಿಂತ ಕಹಿಯಾದದ್ದು ಇನ್ನೊಂದಿದೆ. ಮಾಧ್ಯಮಿಕ ಶಾಲೆ ಮುಗಿಸಿ ಹದಿನೈದರ ಆಸುಪಾಸಿನಲ್ಲಿ ಈ ಹುಡುಗಿಯರು ತರಬೇತಿಗೆ ಸೇರುತ್ತಾರೆ. ಊಟ, ವಸತಿ, ಪಾಠ, ಕಿಮೊನೊಗಳ ಖರ್ಚು ಒಕಿಯಾ ಎಂಬ ಮನೆಯದು. ಹುಡುಗಿಯ ಕೈಗೆ ಬರುವುದು ಸಂಬಳವಲ್ಲ, ಕೈಖರ್ಚು. ಜಪಾನಿನಲ್ಲಿ ಮದ್ಯಕ್ಕೆ 20 ತುಂಬಿರಬೇಕು. 2022ರಲ್ಲಿ ಮಾಜಿ ಮೈಕೊ ಒಬ್ಬಳು, ಹದಿನಾರರಲ್ಲೇ ತನಗೆ ಕುಡಿಸುತ್ತಿದ್ದರು, ಗಿರಾಕಿಗಳ ಜೊತೆ ಸ್ನಾನಕ್ಕಿಳಿಸಲು ನೋಡಿದರು ಎಂದು ಟ್ವಿಟ್ಟರಿನಲ್ಲಿ ಬರೆದಳು. ಎಲ್ಲ ಮನೆಗಳೂ ಹಾಗೆಯೇ ಎಂದು ನಾನು ಹೇಳಲಾರೆ. ಆದರೆ ಮೈಕೊಳ ಬಟ್ಟೆಯ ಘನತೆಗಾಗಿ ಇಷ್ಟು ಬಡಿದಾಡುವ ನಾವು, ಅದರೊಳಗಿನ ಹುಡುಗಿ ಬಾಯಿಬಿಟ್ಟು ಹೇಳಿದ್ದಕ್ಕೆ ಒಂದು ಸಾಲನ್ನೂ ಬರೆದದ್ದು ನಾನು ಕಾಣೆ.

ವೇಷ ತೊಡುವವರು ತೊಡಲಿ. ಇನ್ನೂ ಅಲ್ಲಿಗೆ ಹೋಗಲಿರುವವರು, ಅಸಲಿ ಮೈಕೊಗಳನ್ನು ನೋಡಲೇಬೇಕೆಂದಿದ್ದರೆ ಓಣಿಯಲ್ಲಿ ಹೊಂಚುಹಾಕುವ ಅಗತ್ಯವಿಲ್ಲ. ಗಿಯೋನ್ ಕೊಬು ಕೇರಿಯ ಗೇಕೊ, ಮೈಕೊಗಳು 1872ರಿಂದ ಮಿಯಾಕೊ ಓದೋರಿ ಎಂಬ ನೃತ್ಯ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ಈಗ ಅದು ಏಪ್ರಿಲ್‌ನಲ್ಲಿ ನಡೆಯುತ್ತದೆ. ಚೆರ್ರಿ ಹೂವಿನ ಕಾಲ, ನೂಕುನುಗ್ಗಲು. ಟಿಕೆಟನ್ನು ಮೊದಲೇ ತೆಗೆದಿರಿಸಿ. ಆಟ ನಡೆಯುವಾಗ ಫೋಟೋ ತೆಗೆಯಲು ಅವರು ಬಿಡುವುದಿಲ್ಲ.