ಎರಡು ಬಾಣದ ಡಾಕ್ಟರು

ಜಗತ್ತಿನಾಗ ಇರೋ ಎಲ್ಲಾ ಬ್ಯಾನಿಗೂ ಔಷಧ ಸಿಕ್ಕೇತ್ರೀ, ನಿಮಗಿನ್ನೂ ಗೊತ್ತಿಲ್ಲಂದ್ರ ನೀವು ನಮ್ಮ ಹುಬ್ಬಳ್ಳಿ ಕೇಶ್ವಾಪುರದ ಓಣಿ ವಾಟ್ಸಾಪ್ ಗ್ರೂಪ್‌ನಾಗ ಇಲ್ಲ ಅಂತಾತು. ಮುಂಜಾನೆ ಹಾಲಿನ ಪಾಕೀಟು ಬರೋದಕ್ಕಿಂತ ಮೊದಲ ಸಿದ್ಧಾರೂಢಜ್ಜನ ಫೋಟೋ, ಅದರ ಬೆನ್ನಿಗೆ ಬೆಂಡಿಕಾಯಿ ನೀರು, ಅದರ ಬೆನ್ನಿಗೆ ಕೆಂಪು ಲೈಟು ಹಾಕಿ ‘ಡಿಲೀಟ್ ಆಗೋದ್ರಾಗ ಓದ್ರಿ’. ಶುಗರ್‌ಗೆ ಬೆಂಡಿಕಾಯಿ, ಕಿಡ್ನಿ ಕಲ್ಲಿಗೆ ಬಾಳಿದಿಂಡು, ಕ್ಯಾನ್ಸರ್‌ಗೆ ಬಿಸಿ ಲಿಂಬಿ ನೀರು. ಇಷ್ಟೆಲ್ಲಾ ಇದ್ದ ಮ್ಯಾಲೂ ಕಿಮ್ಸ್ ದವಾಖಾನಿ ಮುಂದ ಮಂದಿ ಚೀಟಿ ಮಾಡಸಾಕ ಪಾಳಿ ಹಚ್ಚಿರ್ತಾರಂದ್ರ, ಪಾಪ ಅವರ ನೆಟ್‌ಪ್ಯಾಕ್ ಖಾಲಿ ಆಗಿರಬೇಕು.

ನಮ್ಮ ಗ್ರೂಪಿನ ಹಿರೇ ವೈದ್ಯರು ಅಂದ್ರ ರೇಲ್ವೇ ವರ್ಕ್‌ಶಾಪ್‌ನಿಂದ ರಿಟೈರ್ ಆದ ಕಾಕಾ. ಇಡೀ ಸರ್ವಿಸ್‌ನಾಗ ಗೇಜ್ ಹಚ್ಚಿ ಅಳತಿ ನೋಡದ ಒಂದು ಬೋಲ್ಟ್ ಬಿಗಿ ಮಾಡಿದ ಮನುಷ್ಯಾ ಅಲ್ಲ. ಈಗ ಮಾತ್ರ ಮೆಸೇಜ್ ಯಾರು ಬರದ್ರು, ಯಾವಾಗ ಬರದ್ರು, ಒಂದೂ ಕೇಳಂಗಿಲ್ಲ, ‘ದೊಡ್ಡ ಡಾಕ್ಟರ್ ಹೇಳ್ಯಾರ’ ಅಂತ ಇದ್ರ ಮುಗೀತು, ಆ ದೊಡ್ಡ ಡಾಕ್ಟರ್‌ಗೆ ಹೆಸರೂ ಇರಂಗಿಲ್ಲ ಊರೂ ಇರಂಗಿಲ್ಲ. 2018ರಾಗ ವಾಟ್ಸಾಪ್‌ನವರು ಇಂಡಿಯಾದಾಗ ಸಲಕ್ಕ ಐದ ಚಾಟ್‌ಗೆ ಅಷ್ಟ ಫಾರ್ವರ್ಡ್ ಅಂತ ಕಡಿವಾಣ ಹಾಕಿದ್ರು, 2020ರಾಗ ಎರಡು ಬಾಣ ಬಿದ್ದ ಮೆಸೇಜ್ ಅಂದ್ರ ಸಲಕ್ಕ ಒಂದ ಚಾಟ್ ಅಂದ್ರು. ಭಾಳ ಕೈ ದಾಟಿ ಬಂದದ್ದು, ಹುಷಾರ ಅಂತ ಅದರರ್ಥ. ಕಾಕಾ ಏನಂತಾರ ಗೊತ್ತೇನು? ‘ತಮ್ಮಾ, ಎರಡು ಬಾಣ ಅಂದ್ರ ಐಎಸ್‌ಐ ಮಾರ್ಕ್ ಇದ್ದಂಗ, ಎಷ್ಟು ಮಂದಿ ಚೆಕ್ ಮಾಡಿ ಕಳಿಸಿರಬೇಕು!’ ಫಾರ್ವರ್ಡ್ ಆಗ್ಲಿಲ್ಲಂದ್ರ ಕಾಪಿ ಪೇಸ್ಟ್ ಮಾಡ್ತಾರ.

2021ರಾಗ ಎರಡನೇ ಅಲೆ ಬಂದಾಗ ಮೂಗಿನಾಗ ಲಿಂಬಿ ರಸ ಬಿಟ್ರ ಕೊರೋನಾ ಅಲ್ಲೇ ಸಾಯತೈತಿ ಅಂತ ಓಡಾಡಿತ್ತು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವರು ಇದು ಸುಳ್ಳು ಅಂದ್ರು, ಆದ್ರ ನಮ್ಮ ಓಣ್ಯಾಗ ಅವರ ಮೆಸೇಜ್‌ಗೆ ಒಂದ ಬಾಣನೂ ಬೀಳಲಿಲ್ಲ.

ಧಾರವಾಡದ ಅತ್ತಿ ಬೆಂಡಿಕಾಯಿ ನೀರು ನಂಬಿ ಶುಗರ್ ಗುಳಿಗಿ ಬಿಟ್ರು. ಟೆಸ್ಟ್ ಹಿಂದಿನ ದಿನ ಪೇಡೆ ಮುಟ್ಟಲಿಲ್ಲ, ರಾತ್ರಿ ಬರೇ ಮಜ್ಜಿಗಿ ಕುಡದು ಮಲಗಿದ್ರು, ಡಾಕ್ಟರ್‌ಗೆ ಗೊತ್ತಾಗಬಾರದಂತ. ಅವರು ಮಾಡಿಸಿದ್ದು ಎಚ್‌ಬಿಎ1ಸಿ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತಗದು ಮುಂದ ಇಡತೈತಿ. ರಿಪೋರ್ಟ್ ನೋಡಿ ಡಾಕ್ಟರ್ ‘ಗುಳಿಗಿ ಯಾಕ ಬಿಟ್ರೆವ್ವಾ?’ ಅಂದ್ರ ಅತ್ತಿ, ‘ಗ್ರೂಪ್‌ನಾಗ ಬಂದಿತ್ರೀ ಸಾಹೇಬ್ರ, ನಿಮಗ ಬಂದಿಲ್ಲೇನು?’ ಅಂತ ಅವರಿಗೇ ಫಾರ್ವರ್ಡ್ ಮಾಡಾಕ ನಂಬರ್ ಕೇಳಿದ್ರಂತ.

ಅಂದಂಗ 1954ರಾಗನ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮೆಡೀಸ್ ಅಂತ ಒಂದು ಕಾಯ್ದೆ ಬಂದೈತಿ, ಶುಗರ್, ಕ್ಯಾನ್ಸರ್, ಕಿಡ್ನಿ ಕಲ್ಲು ಹಿಂಗ 54 ಹೆಸರು ಬರದು, ಇವನ್ನ ವಾಸಿ ಮಾಡ್ತೀವಿ ಅಂತ ಔಷಧದ ಜಾಹೀರಾತು ಕೊಡಂಗಿಲ್ಲ ಅಂತಾರ. ಆ ಪಟ್ಟಿ ನಮ್ಮ ಗ್ರೂಪ್‌ನವರ ಕೈಗೆ ಸಿಗಬಾರದು ನೋಡ್ರಿ, ಇನ್ನೂ ಯಾವ ಬ್ಯಾನಿ ಬಾಕಿ ಉಳದಾವ ಅಂತ ಗೊತ್ತಾಗಿಬಿಡತೈತಿ.

ಕಳೆದ ವಾರ ‘ಒಬ್ಬರ ಇದ್ದಾಗ ಹಾರ್ಟ್ ಅಟ್ಯಾಕ್ ಆದ್ರ ಜೋರ ಕೆಮ್ಮ್ರಿ’ ಬಂತು. ಇದು ವಾಟ್ಸಾಪ್ ಹುಟ್ಟೋಕಿಂತ ಮೊದಲ ಇ-ಮೇಲ್‌ನಾಗ ಓಡಾಡಿದ ಮುದುಕ ಮೆಸೇಜ್, ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನವರು ನಾವಿದನ್ನ ಒಪ್ಪಂಗಿಲ್ಲ ಅಂತ ಹೇಳಿ ಎಷ್ಟೋ ವರ್ಷ ಆತು. ತಡಿಲಾರದ ನಾನೂ ಒಂದು ಟೈಪ್ ಮಾಡಿದೆ: ಎದಿ ನೋವು ಬಂದ್ರ 108ಕ್ಕ ಫೋನ್ ಮಾಡ್ರಿ, ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಒಳಗ ತಾಲ್ಲೂಕು ದವಾಖಾನ್ಯಾಗ ಇಸಿಜಿ ತಗೀತಾರ, ಬೇಕಾದ್ರ ಹೆಪ್ಪುಗಟ್ಟಿದ ರಕ್ತ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬಿಟ್ಟಿ ಕೊಡ್ತಾರ, ಹೊರಗ ತಗೊಂಡ್ರ ಸಾವಿರಗಟ್ಲೆ ರೊಕ್ಕ.

ಕೆಮ್ಮೋ ಮೆಸೇಜ್‌ಗೆ ಕೈ ಮುಗದವರು ಇನ್ನೂ ಮುಗಿಯಾಕ ಹತ್ತಿದ್ರು. ನಂದಕ್ಕ ಒಂದ ಉತ್ತರ ಬಂತು, ಅದೂ ಅಡ್ಮಿನ್‌ದು: ‘ಗ್ರೂಪ್‌ನಾಗ ಸರ್ಕಾರದ್ದು, ರಾಜಕೀಯ ಬ್ಯಾಡ್ರೀ, ಬರೇ ಆರೋಗ್ಯದ ಮಾಹಿತಿ ಹಾಕ್ರಿ.’ ಅಂದವರ ಡಿಲೀಟ್ ಒತ್ತಿದ್ರು.

ಸಂಜಿಕ ಕಾಕಾ ಪರ್ಸನಲ್ ಆಗಿ ಮೆಸೇಜ್ ಮಾಡಿದ್ರು. ‘ತಮ್ಮಾ, ಅಷ್ಟ ತುಟ್ಟಿ ಇಂಜೆಕ್ಷನ್ ಬಿಟ್ಟಿ ಕೊಡ್ತಾರಂದ್ರ ಅದರಾಗ ಏನೋ ಐತಿ. ಅದರ ಮ್ಯಾಲೆ ಯಾವದರ ಎರಡು ಬಾಣದ್ದು ಇದ್ರ ಕಳಸು.’