ಟಾಮ್ ಫೋಲಿ ಮಾಡಿದ ತಪ್ಪಾದರೂ ಏನು?

ನಮ್ಮಲ್ಲಿ ರಗ್ಬಿ ನೋಡುವವರು ಕಡಿಮೆ. ಆದರೆ ನೋಡುವ ನಾಲ್ಕು ಜನ ಸೇರಿದರೆ 2023ರ ವಿಶ್ವಕಪ್ ಫೈನಲ್ ಜಗಳ ಈಗಲೂ ಎದ್ದೇ ಏಳುತ್ತದೆ. ನ್ಯೂಜಿಲೆಂಡಿನ ಆರನ್ ಸ್ಮಿತ್ ಹೊಡೆದ ಟ್ರೈ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿ ಗಳಿಸುವ ಐದು ಪಾಯಿಂಟ್, ರದ್ದು ಮಾಡಿದ್ದು ಸರಿಯಾ, ಮೋಸವಾ? ಅದನ್ನು ರದ್ದು ಮಾಡಿಸಿದ ಟಿವಿ ರೆಫರಿ ಟಾಮ್ ಫೋಲಿ ಆಮೇಲೆ ತಿಂದ ಬೈಗುಳ, ಬೆದರಿಕೆಯ ಮಾತು ಬಂದಾಗ ಮೊನ್ನೆ ಒಬ್ಬ ಗೆಳೆಯರು, 'ಆ ಟಿವಿ ರೆಫರಿಗೆ ಆಗಬೇಕಾದದ್ದೇ ಆಯಿತು ಬಿಡಿ' ಅಂದರು. ಆ ಮಾತು ನನಗೆ ಸಹಿಸಲು ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ನ್ಯೂಜಿಲೆಂಡ್ ಕಡೆಯವನು. ಅಕ್ಟೋಬರ್ 28 ನಮಗೆ ಕೆಟ್ಟ ದಿನ. ಹಗಲು ಧರ್ಮಶಾಲಾದಲ್ಲಿ ಕ್ರಿಕೆಟ್ ವಿಶ್ವಕಪ್ ಪಂದ್ಯ. ನಮ್ಮ ಬೆಂಗಳೂರು ಮೂಲದ ರಚಿನ್ ರವೀಂದ್ರ 116 ಹೊಡೆದರೂ ಆಸ್ಟ್ರೇಲಿಯಾ ಎದುರು 5 ರನ್‌ನಿಂದ ಸೋಲು. ಅದೇ ರಾತ್ರಿ ನಮ್ಮ ಗಡಿಯಾರದಲ್ಲಿ ಹನ್ನೆರಡೂವರೆಗೆ ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್‌ನಲ್ಲಿ ರಗ್ಬಿ ಫೈನಲ್ ಶುರು. ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಒಂದೇ ಒಂದು ಪಾಯಿಂಟ್.

ಈಗ ಆ ಟ್ರೈ ವಿಷಯ. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಲೈನ್‌ಔಟ್‌ನಲ್ಲಿ (ಪಕ್ಕದ ಗೆರೆಯಿಂದ ಒಳಗೆ ಎಸೆದ ಚೆಂಡಿಗೆ ಎರಡೂ ತಂಡದವರು ಸಾಲಾಗಿ ನಿಂತು ಹಾರುವುದು) ಚೆಂಡು ನಮ್ಮ ಆರ್ಡಿ ಸವೇಯಾ ಕೈಗೆ ತಗುಲಿ ಸ್ವಲ್ಪವೇ ಮುಂದಕ್ಕೆ ಹೋಯಿತು. ಇದಕ್ಕೆ ನಾಕ್ ಆನ್ ಅಂತಾರೆ. ರಗ್ಬಿಯಲ್ಲಿ ಕೈಯಿಂದ ಚೆಂಡು ಮುಂದಕ್ಕೆ ಹೋಗುವಂತಿಲ್ಲ. ಮೈದಾನದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಆಟ ಮುಂದುವರಿಯಿತು. ರಿಚಿ ಮೊಉಂಗಾ ನುಗ್ಗಿದರು, ಚೆಂಡು ಸ್ಮಿತ್ ಕೈಗೆ ಬಂತು, ಟ್ರೈ! ನಾವೆಲ್ಲ ಕುಣಿದಿದ್ದೇ ಕುಣಿದಿದ್ದು. ಆಗ ಟಿವಿ ಮ್ಯಾಚ್ ಅಧಿಕಾರಿ, ಅಂದರೆ ಟಿಎಂಒ, ಟಾಮ್ ಫೋಲಿ ಆ ನಾಕ್ ಆನ್ ಹುಡುಕಿ ರೆಫರಿ ವೇಯ್ನ್ ಬಾರ್ನ್ಸ್ ಕಿವಿಗೆ ಹಾಕಿದರು. ಟ್ರೈ ಹೋಯಿತು.

ನಾಕ್ ಆನ್ ಆಗಿತ್ತಾ? ಆಗಿತ್ತು. ರೀಪ್ಲೇಯಲ್ಲಿ ಕಾಣುತ್ತದೆ. ಹಾಗಾದರೆ ಜಗಳ ಯಾಕೆ? ಆಗಿನ ನಿಯಮದ ಪ್ರಕಾರ ಟ್ರೈಗೆ ಮೊದಲಿನ ಎರಡು ಫೇಸ್ ಒಳಗಿನ ನಾಕ್ ಆನ್ ಮಾತ್ರ ಟಿಎಂಒ ತೆಗೆದು ನೋಡಬಹುದಿತ್ತು. ಚೆಂಡು ಹಿಡಿದವನನ್ನು ಕೆಡವಿ, ಚೆಂಡು ಮತ್ತೆ ಹೊರಬಂದರೆ ಒಂದು ಫೇಸ್. ಸವೇಯಾ ನಾಕ್ ಆನ್ ಅದಕ್ಕಿಂತ ಹಿಂದಿನದು. ಅಂದರೆ ಫೋಲಿ ಕಂಡದ್ದು ನಿಜ, ಆದರೆ ಅಷ್ಟು ಹಿಂದಕ್ಕೆ ಹೋಗಲು ಅವರಿಗೆ ಅಧಿಕಾರ ಇರಲಿಲ್ಲ. ನ್ಯೂಜಿಲೆಂಡ್ ಅಭಿಮಾನಿಗಳ ಸಿಟ್ಟಿಗೆ ಕಾರಣ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆ ಸಿಟ್ಟು ನನಗೂ ಇದೆ.

ಆದರೆ ಆ ಪಂದ್ಯವನ್ನು ಪೂರ್ತಿ ನೋಡಿದವರು ಇದೊಂದರಿಂದಲೇ ಸೋತೆವು ಅಂತ ಎದೆ ಮುಟ್ಟಿ ಹೇಳಲಾರರು. ನಾಲ್ಕೇ ನಿಮಿಷದಲ್ಲಿ, 58ನೇ ನಿಮಿಷಕ್ಕೆ, ಬೋಡನ್ ಬ್ಯಾರೆಟ್ ಟ್ರೈ ಹೊಡೆದರಲ್ಲ. ಆಮೇಲಿನ ಕನ್ವರ್ಷನ್ (ಟ್ರೈ ಆದ ಮೇಲೆ ಎರಡು ಪಾಯಿಂಟಿಗಾಗಿ ಕಂಬಗಳ ನಡುವೆ ಒದೆಯುವುದು) ಒಳಗೆ ಹೋಗಿದ್ದರೆ 13 ಆಗುತ್ತಿತ್ತು, ಮೊಉಂಗಾ ಒದ್ದದ್ದು ಹೊರಗೆ ಹೋಯಿತು. 73ನೇ ನಿಮಿಷದಲ್ಲಿ ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ ಪೆನಾಲ್ಟಿಯೂ ಹೊರಗೆ. ದಕ್ಷಿಣ ಆಫ್ರಿಕಾ ಇಡೀ ದ್ವಿತೀಯಾರ್ಧದಲ್ಲಿ ಒಂದು ಪಾಯಿಂಟೂ ಗಳಿಸಲಿಲ್ಲ. ಹಾಂಡ್ರೆ ಪೊಲಾರ್ಡ್ ಮೊದಲಾರ್ಧದಲ್ಲಿ ಒದ್ದ ನಾಲ್ಕು ಪೆನಾಲ್ಟಿಗಳನ್ನು ಹಿಡಿದುಕೊಂಡೇ ಗೆದ್ದುಬಿಟ್ಟರು.

ಕಾರ್ಡ್ ವಿಷಯದಲ್ಲೂ ಹೀಗೇ ಗಲಾಟೆ. ನಮ್ಮ ನಾಯಕ ಸ್ಯಾಮ್ ಕೇನ್ ನೆಟ್ಟಗೆ ನಿಂತೇ ಟ್ಯಾಕಲ್‌ಗೆ ಹೋದರು, ಭುಜ ಜೆಸ್ಸಿ ಕ್ರಿಯೆಲ್ ತಲೆಗೆ ಬಡಿಯಿತು. ಹತ್ತು ನಿಮಿಷ ಹೊರಗೆ ಕೂರಿಸುವ ಹಳದಿ ಕಾರ್ಡ್ ಕೊಟ್ಟು ವಿಷಯವನ್ನು ಬಂಕರ್‌ಗೆ, ಅಂದರೆ ವಿಡಿಯೊ ನೋಡಿ ತೀರ್ಮಾನಿಸುವ ಇನ್ನೊಬ್ಬ ಅಧಿಕಾರಿಗೆ, ಕಳಿಸಿದರು, ಅಲ್ಲಿ ಅದು ಕೆಂಪಾಯಿತು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಮೊದಲ ಕೆಂಪು ಕಾರ್ಡ್. ಆಮೇಲೆ ದಕ್ಷಿಣ ಆಫ್ರಿಕಾ ನಾಯಕ ಸಿಯಾ ಕೊಲಿಸಿ ತಲೆ ಸವೇಯಾ ತಲೆಗೆ ತಗುಲಿತು. ಅಪಾಯ ಅಷ್ಟು ಜಾಸ್ತಿ ಇರಲಿಲ್ಲ ಅಂತ ಹಳದಿಯಲ್ಲೇ ನಿಲ್ಲಿಸಿದರು. ನನ್ನ ಪ್ರಕಾರ ಎರಡೂ ಸರಿ. ತಲೆಗೆ ಪೆಟ್ಟು ಬಿದ್ದು ಬದುಕೇ ಹಾಳಾದ ಆಟಗಾರರು ಎಷ್ಟೋ ಜನ ಇರುವಾಗ ಇಲ್ಲಿ ರಿಯಾಯಿತಿ ಕೇಳಬಾರದು.

ರಗ್ಬಿಯಲ್ಲಿ ನನಗೆ ತುಂಬಾ ಇಷ್ಟವಾಗುವುದು ರೆಫರಿ ಕೊರಳಿನ ಮೈಕು. ಯಾಕೆ ಪೆನಾಲ್ಟಿ, ಯಾಕೆ ಕಾರ್ಡ್, ಎಲ್ಲವನ್ನೂ ಅವರು ಆಟಗಾರರಿಗೆ ಹೇಳುವುದು ಮನೆಯಲ್ಲಿ ಕೂತ ನಮಗೂ ಕೇಳುತ್ತದೆ. ನಾಯಕ ಬಂದು ಕೇಳಬಹುದು, ಬೇರೆಯವರು ವಾದಕ್ಕೆ ನಿಂತರೆ ಪೆನಾಲ್ಟಿ ಹತ್ತು ಮೀಟರ್ ಮುಂದಕ್ಕೆ ಹೋಗುತ್ತದೆ. ನೂರಿಪ್ಪತ್ತು ಕಿಲೋ ತೂಗುವ ಆಳು 'ಸರ್' ಅಂತ ಕರೆದು ಸುಮ್ನೆ ವಾಪಸ್ ಹೋಗುತ್ತಾನೆ. ಎರಡೂ ತಂಡದ ಅಭಿಮಾನಿಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರುತ್ತಾರೆ. ಐರ್ಲೆಂಡಿನ ಲಿಮರಿಕ್‌ನ ಥಾಮಂಡ್ ಪಾರ್ಕ್‌ನಲ್ಲಿ ಎದುರಾಳಿ ಚೆಂಡು ಒದೆಯಲು ನಿಂತರೂ ಸ್ಟೇಡಿಯಂ ಪೂರ್ತಿ ಗಪ್‌ಚಿಪ್. ಇದೆಲ್ಲ ಸುಮ್ಮನೆ ಬಂದದ್ದಲ್ಲ, ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು.

ಆ ವಿಶ್ವಕಪ್‌ನಲ್ಲಿ ಅದಕ್ಕೆ ಪೆಟ್ಟು ಬಿತ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ 28-29ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಸೋತಿತು. ತೋಮಾ ರಾಮೋಸ್ ಕನ್ವರ್ಷನ್ ಒದೆಯುವಷ್ಟರಲ್ಲಿ ಚೆಸ್ಲಿನ್ ಕೋಲ್ಬಿ ಓಡಿಬಂದು ಚೆಂಡನ್ನು ತಡೆದಿದ್ದರು. ಎರಡು ಪಾಯಿಂಟ್ ಹೋಯಿತು, ಸೋತದ್ದು ಒಂದರಿಂದ! ಕೋಲ್ಬಿ ಬೇಗ ಓಡಿದರು ಅಂತ ಫ್ರೆಂಚರ ದೂರು. ನಿಯಮ ಹೇಳುವುದು ಇಷ್ಟೇ: ಒದೆಯುವವನು ಚೆಂಡಿನ ಕಡೆ ಹೊರಟ ಕ್ಷಣ ಎದುರಾಳಿ ಓಡಬಹುದು. ಎಲ್ಲಿಂದ 'ಹೊರಟ' ಅಂತ ಲೆಕ್ಕ ಅನ್ನುವುದರ ಬಗ್ಗೆ ವಾದ ಮಾಡಲಿ, ರಾತ್ರಿಯಿಡೀ ಮಾಡಲಿ. ಆದರೆ ವಾರದ ನಂತರ ಇಂಗ್ಲೆಂಡ್-ದಕ್ಷಿಣ ಆಫ್ರಿಕಾ ಸೆಮಿಫೈನಲ್‌ಗೆ ಅದೇ ರೆಫರಿ ಬೆನ್ ಓಕೀಫ್ ಬಂದಾಗ ಪ್ರೇಕ್ಷಕರು ಬೂ ಅಂತ ಕೂಗಿದರು. ಆ ಪಂದ್ಯಕ್ಕೂ ಫ್ರಾನ್ಸಿಗೂ ಸಂಬಂಧವೇ ಇರಲಿಲ್ಲ.

ಫೋಲಿಯ ಪಾಡು ಇನ್ನೂ ಕೆಟ್ಟದ್ದು. ಫೈನಲ್ ಆದ ಮೇಲೆ ಆನ್‌ಲೈನ್‌ನಲ್ಲಿ ಬೈಗುಳದ ಮಳೆ, ಬೆದರಿಕೆ. ಅದೇ ವರ್ಷ ಅವರು ಅಂತರರಾಷ್ಟ್ರೀಯ ಪಂದ್ಯಗಳಿಂದ ಹಿಂದೆ ಸರಿದರು. ಆ ನಿಂದನೆಯೂ ಒಂದು ಕಾರಣ ಅಂತ ಅವರೇ ಹೇಳಿದರು. ಬಾರ್ನ್ಸ್ ಅವರಂತೂ 2007ರ ವಿಶ್ವಕಪ್‌ನಲ್ಲೇ ಇದನ್ನು ಕಂಡವರು. ಕಾರ್ಡಿಫ್‌ನಲ್ಲಿ ಫ್ರಾನ್ಸ್ ನಮ್ಮನ್ನು 20-18ರಲ್ಲಿ ಸೋಲಿಸಿದಾಗ ಒಂದು ಫಾರ್ವರ್ಡ್ ಪಾಸ್, ಅಂದರೆ ನಿಯಮ ಮೀರಿ ಮುಂದಕ್ಕೆ ಎಸೆದ ಚೆಂಡು, ಅವರ ಕಣ್ಣು ತಪ್ಪಿತ್ತು. ಆಗ ನಮ್ಮ ಕಡೆಯವರೇ ಅವರಿಗೆ ಜೀವ ಬೆದರಿಕೆ ಹಾಕಿದ್ದು.

ಇದೇ ನನಗೆ ಅರ್ಥವಾಗದ್ದು. 2007ರಲ್ಲಿ ಕಾಣಲಿಲ್ಲ ಅಂತ ಬೈದೆವು, 2023ರಲ್ಲಿ ಕಂಡರು ಅಂತ ಬೈದೆವು. ಹಾಗಾದರೆ ನಮಗೆ ಬೇಕಿದ್ದದ್ದು ನ್ಯಾಯ ಅಲ್ಲ, ನಮ್ಮ ಗೆಲುವು ಅಷ್ಟೇ, ಅಲ್ವಾ? ಎಂಟು ಮಂದಿ ಒಟ್ಟಿಗೆ ಚೆಂಡಿಗೆ ಹಾರುವ ಕಡೆ ಬೆರಳ ತುದಿಗೆ ತಗುಲಿದ್ದನ್ನು ಹುಡುಕಿ ತೆಗೆದ ಮನುಷ್ಯ ಫೋಲಿ. ಗೆರೆ ದಾಟಿದರು, ಸರಿ. ಅದಕ್ಕೆ ವಿಮರ್ಶೆ ಇದೆ, ನಿಯಮ ತಿದ್ದುವ ದಾರಿ ಇದೆ. 2024ರ ನವೆಂಬರ್ ಪಂದ್ಯಗಳಲ್ಲಿ ಟಿಎಂಒ ಇನ್ನೂ ಹಿಂದಕ್ಕೆ ಹೋಗಿ ನಾಕ್ ಆನ್ ನೋಡುವ ನಿಯಮವನ್ನು ಪ್ರಯೋಗಕ್ಕೆ ತಂದೇಬಿಟ್ಟರು. ಕೆಂಪು ಕಾರ್ಡ್ ಬಿದ್ದರೆ 20 ನಿಮಿಷದ ನಂತರ ಬದಲಿ ಆಟಗಾರ ಇಳಿಯುವ ಪ್ರಯೋಗವೂ ಆ ಪಂದ್ಯಗಳಲ್ಲಿ ಇತ್ತು. ವಾದ ಮಾಡಿದರೆ ಆಟ ಸುಧಾರಿಸುತ್ತದೆ. ಬೆದರಿಸಿದರೆ ಒಳ್ಳೆಯ ಅಧಿಕಾರಿಗಳು ಮನೆಗೆ ಹೋಗುತ್ತಾರೆ.

ಆ ವಿಶ್ವಕಪ್ ಅಧಿಕಾರಿಯೊಬ್ಬರನ್ನೂ ಅವರ ಕುಟುಂಬವನ್ನೂ ಆನ್‌ಲೈನ್‌ನಲ್ಲಿ ಕಾಡಿದ್ದಕ್ಕೆ ಆಸ್ಟ್ರೇಲಿಯಾದಲ್ಲಿ ಒಬ್ಬನ ಮೇಲೆ ಕೇಸ್ ಆಗಿ ದಂಡ ಬಿತ್ತು. ಇಂಥ ಕೇಸ್‌ಗಳು ಇನ್ನೂ ಆಗಬೇಕು. 2027ರ ವಿಶ್ವಕಪ್ ಅದೇ ಆಸ್ಟ್ರೇಲಿಯಾದಲ್ಲಿ. ಗೆಳೆಯರ ಜೊತೆ ಕೂತು ನಾನೂ ನೋಡುತ್ತೇನೆ, ರೆಫರಿ ತೀರ್ಪಿನ ಮೇಲೆ ಜಗಳವನ್ನೂ ಆಡುತ್ತೇನೆ. ಆದರೆ ಅವರ ಮನೆಯವರ ಮೇಲೆ ಮಾತು ಹೋದರೆ ಆ ಗುಂಪಿನಲ್ಲಿ ನಾನು ಇರುವುದಿಲ್ಲ.